ಸ್ಲೇಟು ಕೊಳ್ಳುವ ಮುಂಚೆ

‘ಬಿ.ಎ ಮುಗ್ಸಿ ಆದ್ಮೇಲೆ ಮತ್ತೆ ಸ್ಲೇಟು ಹಿಡ್ಕಂಡು ಕೂತಿದ್ದೀಯಲ್ಲವ್ವ!’

ಬ್ಯಾರನ್ನಿನ ಒಲೆಗೆ ಸೌದೆ ನೂಕುತ್ತಾ ಅಪ್ಪ ಹೀಗೆ ಅಂದಾಗ ನನಗೂ ನಗು ಬಂತು. ಹುಣಸೂರು ತಾಲ್ಲೂಕಿನ ನಮ್ಮೂರಲ್ಲಿ ಆಗಸ್ಟ್ ಅಂದರೆ ಹೊಗೆಸೊಪ್ಪು ಬೇಯಿಸುವ ಕಾಲ. ಒಂದು ಸಲ ಬ್ಯಾರನ್ ತುಂಬಿದರೆ ಐದಾರು ದಿನ ಹಗಲೂ ರಾತ್ರಿ ಉರಿ ನೋಡಿಕೊಳ್ಳಬೇಕು. ಶಾಖ ಏರಿದರೂ ಸೊಪ್ಪು ಕೆಡುತ್ತದೆ, ಇಳಿದರೂ ಕೆಡುತ್ತದೆ. ರಾತ್ರಿ ಪಾಳಿ ಅಪ್ಪನದು. ಅವರಿಗೆ ತೂಕಡಿಕೆ ಬಂದರೆ ಎಬ್ಬಿಸುವುದು ನನ್ನದು. ಎಚ್ಚರವಾಗಿರಬೇಕು ಅಂದಮೇಲೆ ಓದಿಕೊಂಡೇ ಎಚ್ಚರವಾಗಿರೋಣ ಅಂತ ನಾನು ಇ-ರೀಡರ್ ಹಿಡಿದು ಕೂತಿದ್ದೆ.

ಅದನ್ನು ಕೊಳ್ಳಲು ದುಡ್ಡು ಕೂಡಿಸುವುದಕ್ಕೆ ನನಗೆ ಎಂಟು ತಿಂಗಳು ಹಿಡಿದಿತ್ತು. 2023ರಲ್ಲಿ ಪದವಿ ಮುಗಿಸಿದ ನನಗೆ ಯುವನಿಧಿಯಿಂದ ತಿಂಗಳಿಗೆ 3,000 ರೂಪಾಯಿ ಬರುತ್ತಿತ್ತು. ಪರೀಕ್ಷೆಗಳ ಅರ್ಜಿ ಶುಲ್ಕ, ಜೆರಾಕ್ಸ್, ಮೈಸೂರಿಗೆ ಹೋದ ದಿನದ ಊಟ, ತಮ್ಮನ ಪಿಯು ಗೈಡು ಎಲ್ಲ ಕಳೆದು ಉಳಿದದ್ದನ್ನು ಅವ್ವನ ಹತ್ತಿರ ಕೊಟ್ಟಿಡುತ್ತಿದ್ದೆ. ಮೊದಲ ತಿಂಗಳೇ ಕೈತುಂಬ ದುಡ್ಡಿದ್ದಿದ್ದರೆ ನಾನು ತಪ್ಪು ಯಂತ್ರ ತಂದು ಈಗ ಅದನ್ನು ಬೀರುವಿನಲ್ಲಿ ಇಟ್ಟಿರುತ್ತಿದ್ದೆ. ಕಾಯಬೇಕಾಗಿ ಬಂದದ್ದರಿಂದ ನಾಲ್ಕು ಜನರದ್ದನ್ನು ಮುಟ್ಟಿ ನೋಡುವಂತಾಯಿತು.

ಈಗ ಬಸ್ಸಿನಲ್ಲಿ, ಓದುವ ಕೋಣೆಯಲ್ಲಿ, ಪರೀಕ್ಷಾ ಕೇಂದ್ರದ ಗೇಟಿನ ಮುಂದೆ ಒಂದೇ ಪ್ರಶ್ನೆ. ‘ಯಾವ್ದೇ ತಗೊಳ್ಳೋದು?’ ಕಂಪನಿಯ ಹೆಸರು ಹೇಳಿಬಿಟ್ಟರೆ ಅವರಿಗೂ ನಿರಾಳ, ನನಗೂ ನಿರಾಳ. ಆದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ನಮ್ಮಂಥವರಿಗೆ, ಅದರಲ್ಲೂ ಕನ್ನಡ ಮಾಧ್ಯಮದಲ್ಲಿ ಓದಿ ಕನ್ನಡದಲ್ಲೇ ಪರೀಕ್ಷೆ ಬರೆಯುವವರಿಗೆ, ಪ್ರಶ್ನೆ ಕಂಪನಿಯದ್ದಲ್ಲ. ನಮ್ಮ ಹತ್ತಿರ ಇರುವ ಫೈಲುಗಳದ್ದು. ಅದನ್ನು ಯಾರೂ ನನಗೆ ಮೊದಲೇ ಹೇಳಲಿಲ್ಲ.

ಮೊದಲು, ಫೋನ್ ಇರುವಾಗ ಇದೆಲ್ಲ ಯಾತಕ್ಕೆ ಎಂಬ ಮಾತು. ನಮ್ಮ ಮನೆಯಲ್ಲಿ ಸರಿಯಾಗಿ ಕೆಲಸ ಮಾಡುವ ಸ್ಮಾರ್ಟ್‌ಫೋನ್ ಒಂದೇ. ಅದು ನನ್ನದು ಅಂತ ಹೆಸರಿಗೆ. ಸಂಜೆಯಾದರೆ ಚಿಕ್ಕಮ್ಮ ಅವ್ವನಿಗೆ ಫೋನ್ ಮಾಡುತ್ತಾರೆ, ತಮ್ಮನಿಗೆ ಕ್ಲಾಸಿನ ಗ್ರೂಪ್ ನೋಡಬೇಕು, ಹರಾಜು ಶುರುವಾದಮೇಲೆ ಕಟ್ಟೆಮಳಲವಾಡಿ ಮಾರುಕಟ್ಟೆಯಲ್ಲಿ ಇವತ್ತು ರೇಟು ಎಷ್ಟು ಹೋಯಿತು ಅಂತ ಅಪ್ಪನಿಗೆ ತಿಳಿಯಬೇಕು. ಇವೆಲ್ಲ ಮುಗಿದು ಫೋನು ಕೈಗೆ ಬಂದಾಗ ಸಂವಿಧಾನದ ವಿಧಿಗಳ ಪಿಡಿಎಫ್ ತೆರೆಯುತ್ತೇನೆ. ಮೂರನೇ ಪುಟಕ್ಕೆ ಒಂದು ಮೆಸೇಜು. ಅದನ್ನು ನೋಡಲು ಹೋದವಳು ರೀಲ್ಸಿನಿಂದ ಈಚೆ ಬರುವಾಗ ಮುಕ್ಕಾಲು ಗಂಟೆ ಆಗಿರುತ್ತದೆ. ಒಂದು ಪರೀಕ್ಷೆಯನ್ನು ನಾನು ಹೀಗೇ ಕಳೆದುಕೊಂಡೆ. ಪ್ರಶ್ನೆಪತ್ರಿಕೆ ಕಷ್ಟ ಇತ್ತು ಅಂತ ಮನೆಯಲ್ಲಿ ಹೇಳಿದ್ದೇನೆ. ಇಲ್ಲಿ ನಿಜ ಬರೆಯುತ್ತಿದ್ದೇನೆ.

ಇ-ರೀಡರಿನ ಪರದೆ ಬೇರೆ ಜಾತಿಯದು. ಅದಕ್ಕೆ ಇ-ಇಂಕ್ ಅನ್ನುತ್ತಾರೆ. ಅಮೆರಿಕದ ಎಂಐಟಿಯಲ್ಲಿ ಹುಟ್ಟಿದ ಈ ತಂತ್ರಕ್ಕೆ 1997ರಲ್ಲಿ ಕಂಪನಿಯಾಯಿತು, 2004ರಲ್ಲಿ ಸೋನಿ ಅದರಿಂದ ಪುಸ್ತಕ ಓದುವ ಉಪಕರಣ ತಂದಿತು, 2007ರಲ್ಲಿ ಅಮೆಜಾನಿನ ಕಿಂಡಲ್ ಬಂತು. ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗೆಗಳ ಒಳಗೆ ಕಪ್ಪು, ಬಿಳಿ ಕಣಗಳಿರುತ್ತವೆ. ವಿದ್ಯುತ್ ಕೊಟ್ಟಾಗ ಬೇಕಾದ ಕಣ ಮೇಲೆ ಬಂದು ನಿಲ್ಲುತ್ತದೆ. ನಿಂತಮೇಲೆ ಅದನ್ನು ಹಿಡಿದಿಡಲು ವಿದ್ಯುತ್ ಬೇಡ. ಪುಟ ತಿರುಗಿಸುವಾಗ ಮಾತ್ರ ಬ್ಯಾಟರಿ ಖರ್ಚು. ಹಾಗಾಗಿ ಒಂದು ಸಲ ಚಾರ್ಜ್ ಮಾಡಿದರೆ ವಾರಗಟ್ಟಲೆ ಬರುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಕಥೆ ಗೊತ್ತಿರುವವರಿಗೆ ಇದರ ಬೆಲೆ ಗೊತ್ತು. ಪರದೆ ಫೋನಿನ ಹಾಗೆ ನಮ್ಮ ಮುಖಕ್ಕೆ ಬೆಳಕು ಬಿಡುವುದಿಲ್ಲ, ಕಾಗದದ ಹಾಗೆ ಹೊರಗಿನ ಬೆಳಕಿನಲ್ಲಿ ಕಾಣುತ್ತದೆ. ಮಧ್ಯಾಹ್ನದ ಬಿಸಿಲಿಗೆ ಬಸ್ಸಿನ ಕಿಟಕಿ ಪಕ್ಕ ಕೂತರೂ ಓದಬಹುದು. ಕತ್ತಲೆಯಲ್ಲಿ ಅಂಚಿನಿಂದ ಹಾಳೆಯ ಮೇಲೆ ಹರಡುವ ಸಣ್ಣ ಲೈಟು ಇರುತ್ತದೆ. ಹಳೆಯ ಅಗ್ಗದ ಮಾದರಿ ಕೆಲವಕ್ಕೆ ಆ ಲೈಟಿಲ್ಲ, ಅದನ್ನು ಕೇಳಿ ತಿಳಿದುಕೊಳ್ಳಿ. ಕಣ್ಣಿಗೆ ಒಳ್ಳೆಯದೇ ಅಂತ ಹೇಳಲು ನಾನು ಡಾಕ್ಟರಲ್ಲ. ಫೋನಿನಲ್ಲಿ ಎರಡು ಗಂಟೆ ಓದಿದರೆ ಬರುತ್ತಿದ್ದ ತಲೆನೋವು ಇದರಲ್ಲಿ ಬರುತ್ತಿಲ್ಲ, ಅಷ್ಟು ಹೇಳಬಲ್ಲೆ.

ಇಷ್ಟು ಕೇಳಿದರೆ ಯಾರಿಗಾದರೂ ಆಸೆಯಾಗುತ್ತದೆ. ಎಚ್.ಡಿ. ಕೋಟೆ ಕಡೆಯ ನನ್ನ ಗೆಳತಿಗೂ ಆಯಿತು. ಅವಳ ಊರು ಕಾಡಂಚಿನದು. ಮನೆಯೊಳಗೆ ನೆಟ್‌ವರ್ಕ್ ಸಿಗುವುದಿಲ್ಲ, ಕಣದ ಆಚೆ ತುದಿಗೆ ಹೋಗಿ ನಿಂತರೆ ಒಂದು ಕಡ್ಡಿ ಬರುತ್ತದೆ. ಸಂಜೆಯಾದಮೇಲೆ ಆನೆ ಭಯಕ್ಕೆ ಅಲ್ಲಿಗೂ ಹೋಗುವ ಹಾಗಿಲ್ಲ. ಪೇಟೆಯಲ್ಲಿ ಎಲ್ಲವನ್ನೂ ಇಳಿಸಿಕೊಂಡು ಊರಲ್ಲಿ ನೆಟ್ ಇಲ್ಲದೆ ಓದುವ ಯಂತ್ರ ಅವಳಿಗಲ್ಲದೆ ಇನ್ಯಾರಿಗೆ ಬೇಕು? ಯಾರೋ ಬಳಸಿ ಬಿಟ್ಟಿದ್ದ ಹಳೆಯ ಮಾದರಿಯೊಂದನ್ನು ಆನ್‌ಲೈನಿನಲ್ಲಿ ನೋಡಿ ತರಿಸಿದಳು. ಇಂಗ್ಲಿಷ್ ಪುಸ್ತಕ ಚೆನ್ನಾಗಿ ಬಂತು. ಕನ್ನಡದ ಫೈಲ್ ತೆರೆದಳು. ಒತ್ತಕ್ಷರಗಳೆಲ್ಲ ಕೆಳಗಿಳಿಯದೆ ಪಕ್ಕಕ್ಕೆ ಬಂದು ನಿಂತಿದ್ದವು. ‘ರಾಷ್ಟ್ರ’ ಎಂಬ ಒಂದು ಪದ ನಾಲ್ಕು ಬಿಡಿ ತುಂಡಾಗಿತ್ತು. ಅವಳು ಎರಡು ದಿನ ಅದನ್ನೇ ಓದಲು ನೋಡಿದಳಂತೆ. ‘ಮೊದ್ಲನೇ ಕ್ಲಾಸಿನ ಮಗು ಅಕ್ಷರ ಕೂಡಿಸ್ಕಂಡು ಓದಿದ ಹಾಗಾಯ್ತು ಕಣೇ’ ಅಂದಳು. ವಾಪಸ್ ತೆಗೆದುಕೊಳ್ಳಲು ಮಾರಿದವರು ಒಪ್ಪಲಿಲ್ಲ. ಅವಳ ಅಣ್ಣ ಕೂಲಿಯಿಂದ ಕೊಟ್ಟಿದ್ದ ದುಡ್ಡು ಅದು.

ಕನ್ನಡಕ್ಕೆ ಹೀಗೇಕಾಗುತ್ತದೆ ಅಂತ ಆಮೇಲೆ ತಿಳಿದುಕೊಂಡೆ. ಯೂನಿಕೋಡಿನಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದಲೇ ಇದೆ. ಆದರೆ ಫೈಲಿನಲ್ಲಿ ಇರುವುದು ಷ, ಟ, ರ ಎಂಬ ಅಕ್ಷರಗಳ ಸಾಲು ಮತ್ತು ನಡುವಿನ ಹಲಂತ ಚಿಹ್ನೆ ಮಾತ್ರ. ಅವನ್ನು ಒಟ್ಟುಗೂಡಿಸಿ ‘ಷ್ಟ್ರ’ ಎಂಬ ರೂಪ ಕಟ್ಟುವುದು ಉಪಕರಣದೊಳಗಿನ ತಂತ್ರಾಂಶ ಮತ್ತು ಫಾಂಟಿನ ಕೆಲಸ. ಇಂಗ್ಲಿಷಿಗೆ ಆ ಕೆಲಸ ಬೇಕಿಲ್ಲ, ಅಕ್ಷರದ ಪಕ್ಕ ಅಕ್ಷರ ಇಟ್ಟರೆ ಮುಗಿಯಿತು. ಆದ್ದರಿಂದ ಇಂಗ್ಲಿಷ್ ಓದುವವರು ಬರೆದ ವಿಮರ್ಶೆಗಳಲ್ಲಿ ಈ ತೊಂದರೆಯ ಸುದ್ದಿಯೇ ಇರುವುದಿಲ್ಲ. ಐದು ನಕ್ಷತ್ರ ಕೊಟ್ಟವರು ಸುಳ್ಳು ಹೇಳಿರುವುದಿಲ್ಲ. ಅವರು ‘ರಾಷ್ಟ್ರ’ ಎಂಬ ಪದವನ್ನು ತೆರೆದೇ ನೋಡಿರುವುದಿಲ್ಲ.

ಇನ್ನೊಂದು ವಿಷಯವೂ ನಮ್ಮನ್ನು ಗೊಂದಲಕ್ಕೆ ಹಾಕುತ್ತದೆ. 2016ರ ಡಿಸೆಂಬರಿನಲ್ಲಿ ಕಿಂಡಲ್ ಅಂಗಡಿಗೆ ಭಾರತೀಯ ಭಾಷೆಗಳ ಪುಸ್ತಕಗಳು ಬಂದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು. ಕನ್ನಡ ಇರಲಿಲ್ಲ. ಆಗ ಕನ್ನಡಿಗರು ಕೇಳಿದ ‘ನಮ್ಮದ್ಯಾಕಿಲ್ಲ’ ಎಂಬ ಪ್ರಶ್ನೆ ನ್ಯಾಯವಾದದ್ದು. ಆದರೆ ಅಂಗಡಿಯಲ್ಲಿ ಕನ್ನಡ ಪುಸ್ತಕ ಮಾರುವುದು ಒಂದು, ನಾವೇ ಹಾಕಿದ ಕನ್ನಡ ಫೈಲನ್ನು ಪರದೆ ಸರಿಯಾಗಿ ತೋರಿಸುವುದು ಇನ್ನೊಂದು. ಅಂಗಡಿಯಲ್ಲಿ ಕನ್ನಡ ಇಲ್ಲದ ಉಪಕರಣವೂ ಕನ್ನಡದ ಫೈಲನ್ನು ಚೆನ್ನಾಗಿ ತೋರಿಸಬಹುದು. ಹಳೆಯದಾಗಿದ್ದರೆ ತೋರಿಸದೆಯೂ ಇರಬಹುದು. ಒಂದೇ ಕಂಪನಿಯ ಎರಡು ಮಾದರಿ ಎರಡು ರೀತಿ ಇರಬಹುದು. ಹೆಸರು ಕೇಳಿ ತೀರ್ಮಾನ ಮಾಡಬೇಡಿ ಅನ್ನುವುದು ಇದಕ್ಕೇ.

ಗೆಳತಿಗಾದದ್ದನ್ನು ನೋಡಿ ನಾನು ಒಂದು ಪರೀಕ್ಷೆಯ ಫೈಲ್ ಮಾಡಿಕೊಂಡೆ. ಒಂದೇ ಪುಟ. ಅದರಲ್ಲಿ ಇರುವುದು ರಾಷ್ಟ್ರ, ಸ್ತ್ರೀ, ಸೂರ್ಯ, ಜ್ಞಾನ, ಕ್ಷೇತ್ರ, ಮೈತ್ರಿ, ಸ್ವಾತಂತ್ರ್ಯ ಇಂಥ ಪದಗಳು. ಒತ್ತಕ್ಷರ, ಎರಡು ಒತ್ತು, ಅರ್ಕಾವೊತ್ತು, ಐತ್ವ ಎಲ್ಲವೂ ಬರುವ ಹಾಗೆ. ಇದನ್ನು ಇಪಬ್ ಮಾಡಿ ಫೋನಿನಲ್ಲಿ ಇಟ್ಟುಕೊಂಡೆ. ಕ್ಯಾಲಿಬರ್ ಎಂಬ ಉಚಿತ ತಂತ್ರಾಂಶ ಕಂಪ್ಯೂಟರಿಗೆ ಹಾಕಿಕೊಂಡರೆ ವರ್ಡ್ ಫೈಲನ್ನು ಇಪಬ್ ಮಾಡಲು ಎರಡು ನಿಮಿಷ ಸಾಕು.

ಮೈಸೂರಿನಲ್ಲಿ ಒಬ್ಬರು ತಮ್ಮ ಇ-ರೀಡರನ್ನು 5,500ಕ್ಕೆ ಕೊಡುತ್ತೇನೆ ಅಂದಿದ್ದರು. ಗ್ರಾಮಾಂತರ ಬಸ್ ನಿಲ್ದಾಣದ ಹೊರಗೆ ಟೀ ಅಂಗಡಿ ಹತ್ತಿರ ಸಿಕ್ಕರು. ಒಳ್ಳೆಯವರೇ. ಉಪಕರಣ ಹೊಸದರ ಹಾಗೆ ಇತ್ತು. ನನ್ನ ಬ್ಯಾಗಿನಲ್ಲಿ ದುಡ್ಡೂ ಇತ್ತು. ‘ಅಣ್ಣ, ಒಂದು ಫೈಲ್ ಹಾಕಿ ನೋಡ್ಬಹುದಾ?’ ಅಂದೆ. ಅವರ ಲ್ಯಾಪ್‌ಟಾಪಿನಿಂದಲೇ ಹಾಕಿದೆವು. ತೆರೆದರೆ ಅದೇ ಕಥೆ. ಸ್ತ್ರೀ ಮೂರು ತುಂಡಾಗಿದ್ದಳು. ಅವರಿಗೇ ಆಶ್ಚರ್ಯ. ‘ಆರು ವರ್ಷದಿಂದ ಓದ್ತಿದೀನಿ, ಇದರಲ್ಲಿ ಕನ್ನಡ ಹಾಕಿ ನೋಡೇ ಇರ್ಲಿಲ್ಲ’ ಅಂದರು. ಅವರೂ ಕನ್ನಡದವರೇ. ಅವರ ಮೇಲೆ ನನಗೆ ಕೋಪವಿಲ್ಲ, ಟೀ ದುಡ್ಡು ಅವರೇ ಕೊಟ್ಟರು. ವಾಪಸ್ ಬರುವಾಗ ಬಿಳಿಕೆರೆ ದಾಟುವತನಕ ಆ ಮಾತು ತಲೆಯಲ್ಲಿ ಕೊರೆಯುತ್ತಿತ್ತು.

ಇಷ್ಟಾದರೂ ಅದು ಅರ್ಧ ಸಮಸ್ಯೆ. ಉಳಿದರ್ಧ ಪಿಡಿಎಫ್.

ನಾವು ಓದುವುದು ಏನು ಅಂತ ಒಂದು ಸಲ ಪ್ರಾಮಾಣಿಕವಾಗಿ ಲೆಕ್ಕ ಹಾಕಿ. ಪದವಿಯವರಾದರೆ ಮೇಷ್ಟ್ರು ವಾಟ್ಸ್‌ಆ್ಯಪಿನಲ್ಲಿ ಕಳಿಸಿದ ನೋಟ್ಸು, ಸೀನಿಯರ್‌ಗಳ ಕೈಬರಹದ ಸ್ಕ್ಯಾನ್, ಹಳೆಯ ಪ್ರಶ್ನೆಪತ್ರಿಕೆ. ಪಿಡಿಒ, ಗ್ರಾಮ ಆಡಳಿತಾಧಿಕಾರಿ, ಎಸ್‌ಡಿಎ ಅಂತ ತಯಾರಿ ಮಾಡುವವರಾದರೆ ಆರರಿಂದ ಹನ್ನೆರಡನೇ ತರಗತಿಯ ಸರ್ಕಾರಿ ಪಠ್ಯಪುಸ್ತಕಗಳು, ಎನ್‌ಸಿಇಆರ್‌ಟಿ ಪುಸ್ತಕಗಳು, ಕೋಚಿಂಗಿನವರ ಪ್ರಚಲಿತ ವಿದ್ಯಮಾನ. ಎಲ್ಲ ಪಿಡಿಎಫ್. ಹೆಚ್ಚಿನವು ಎ4 ಅಳತೆಯವು ಇಲ್ಲವೇ ಅದರ ಹತ್ತಿರದವು.

ಎ4 ಹಾಳೆಯ ಅಗಲ 21 ಸೆಂ.ಮೀ. 6 ಇಂಚಿನ ಇ-ರೀಡರಿನ ಪರದೆಯ ಅಗಲ ಸುಮಾರು 9 ಸೆಂ.ಮೀ. ಪುಟವನ್ನು ಪೂರ್ತಿ ಹಿಡಿಸಿದರೆ ಅರ್ಧಕ್ಕಿಂತ ಕಡಿಮೆಗೆ ಕುಗ್ಗುತ್ತದೆ. 12 ಪಾಯಿಂಟಿನ ಅಕ್ಷರ 5 ಪಾಯಿಂಟಿಗೆ ಇಳಿಯುತ್ತದೆ. ಔಷಧಿ ಡಬ್ಬಿಯ ಮೇಲಿನ ಬರಹ ಓದಿದ ಹಾಗೆ. ದೊಡ್ಡದು ಮಾಡಿದರೆ ಪ್ರತಿ ಸಾಲಿಗೂ ಬಲಕ್ಕೆ ಸರಿಸು, ಎಡಕ್ಕೆ ತಾ. ಇ-ಇಂಕ್ ನಿಧಾನದ ಜೀವ, ಫೋನಿನ ಹಾಗೆ ಬೆರಳಿನ ಜೊತೆ ಜಾರುವುದಿಲ್ಲ. ಅಡ್ಡಕ್ಕೆ ತಿರುಗಿಸಿ, ಅಂಚಿನ ಖಾಲಿ ಜಾಗ ಕತ್ತರಿಸಿದರೆ ಅಕ್ಷರ 9 ಪಾಯಿಂಟಿನವರೆಗೂ ಬರುತ್ತದೆ, ಒಂದು ಪುಟಕ್ಕೆ ಎರಡು ಮೂರು ಸಲ ತಿರುಗಿಸಬೇಕು. ಕಾದಂಬರಿಯಾದರೆ ನಡೆದೀತು. ನಕ್ಷೆ, ಕೋಷ್ಟಕ, ಎರಡು ಕಾಲಂ ಇದ್ದರೆ ಕಷ್ಟ.

ಕೆ.ಆರ್. ನಗರದ ಒಬ್ಬ ಗೆಳತಿಗೆ ಬೆಂಗಳೂರಿನಲ್ಲಿರುವ ಅಣ್ಣ 10.3 ಇಂಚಿನದನ್ನು ಕೊಡಿಸಿದ್ದಾರೆ. ಪೆನ್ನಿನಿಂದ ಅದರ ಮೇಲೆ ಬರೆಯಲೂ ಬಹುದು. ಎಂ.ಕಾಂ. ಓದುವ ಅವಳಿಗೆ ಅದು ಹೇಳಿ ಮಾಡಿಸಿದ್ದು. ಲೆಕ್ಕವನ್ನು ಪಿಡಿಎಫಿನ ಮೇಲೆಯೇ ಮಾಡುತ್ತಾಳೆ. ಅಂಚು ಕತ್ತರಿಸಿದರೆ ಎ4 ಪುಟದ ಅಕ್ಷರ ಹೆಚ್ಚುಕಡಿಮೆ ಮೂಲದ ಗಾತ್ರದಲ್ಲೇ ಕಾಣುತ್ತದೆ. ಬೆಲೆ ಕೇಳಿದೆ. ಆಮೇಲೆ ಅದನ್ನು ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ವಾಪಸ್ ಕೊಟ್ಟೆ. ಅಷ್ಟು ದುಡ್ಡಿಗೆ ಒಳ್ಳೆಯ ಲ್ಯಾಪ್‌ಟಾಪ್ ಬರುತ್ತದೆ, ಮತ್ತು ಅರ್ಜಿ ಹಾಕಲು, ಟೈಪಿಂಗ್ ಕಲಿಯಲು ನಮಗೆ ಲ್ಯಾಪ್‌ಟಾಪೇ ಹೆಚ್ಚು ಬೇಕು. ಅಣ್ಣಂದಿರು ಕೊಡಿಸುವುದಾದರೆ ಮಾತು ಬೇರೆ.

‘ಪಿಡಿಎಫನ್ನೇ ಇಪಬ್ ಮಾಡಿಕೊಂಡರಾಯಿತಲ್ಲ, ಅಕ್ಷರ ಬೇಕಾದಷ್ಟು ದೊಡ್ಡದು ಮಾಡಬಹುದು’ ಅಂತ ನನಗೂ ಅನ್ನಿಸಿತ್ತು. ಇಂಗ್ಲಿಷಿನದಾದರೆ ಸುಮಾರಾಗಿ ಆಗುತ್ತದೆ. ಕನ್ನಡದ ನೋಟ್ಸನ್ನು ಕ್ಯಾಲಿಬರಿಗೆ ಹಾಕಿದೆ. ಹೊರಗೆ ಬಂದದ್ದು ಕನ್ನಡವಲ್ಲ, ತಲೆಬಾಲವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಅವುಗಳ ತಲೆ ಮೇಲೆ ಚುಕ್ಕಿ, ಗೆರೆ, ಟೊಪ್ಪಿಗೆ. ತಮ್ಮ ಇಣುಕಿ ನೋಡಿ ‘ಅಕ್ಕ, ಪೋಲಿಷ್ ಭಾಷೆ ಪರೀಕ್ಷೆ ಬರೀತಿದ್ದೀಯಾ?’ ಅಂದ.

ಕಾರಣ ನುಡಿ ಮತ್ತು ಬರಹದ ಹಳೆಯ ಫಾಂಟುಗಳು. ಕಂಪ್ಯೂಟರಿನಲ್ಲಿ ಕನ್ನಡ ಕಷ್ಟವಿದ್ದ ಕಾಲದಲ್ಲಿ ಅವು ಮಾಡಿದ ಉಪಕಾರ ದೊಡ್ಡದು, ಅದನ್ನು ಮರೆಯಬಾರದು. ಆದರೆ ಆ ಹಳೆಯ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿರುತ್ತಾರೆ. ಆ ಫಾಂಟ್ ಇರುವತನಕ ಕನ್ನಡ ಕಾಣುತ್ತದೆ. ಫಾಂಟ್ ತೆಗೆದರೆ ಒಳಗಿರುವ ಇಂಗ್ಲಿಷ್ ಅಕ್ಷರ ಈಚೆ ಬರುತ್ತದೆ. ಯೂನಿಕೋಡಿಗೆ ಬದಲಾಯಿಸುವ ಪರಿವರ್ತಕಗಳಿವೆ, ನುಡಿ ತಂತ್ರಾಂಶದ ಹೊಸ ಆವೃತ್ತಿಗಳಲ್ಲೇ ಯೂನಿಕೋಡ್ ಇದೆ. ಆದರೂ ಅಭ್ಯಾಸ ಬಿಡದೆ ಎಷ್ಟೋ ಕಡೆ ಹಳೆಯ ಫಾಂಟಿನಲ್ಲೇ ಟೈಪು ಮಾಡುತ್ತಾರೆ. ನೋಡುವವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಹುಡುಕಲು ಹೋದಾಗ, ನಕಲು ಮಾಡಲು ಹೋದಾಗ, ದೃಷ್ಟಿ ಇಲ್ಲದ ಸಹಪಾಠಿಗೆ ಫೋನು ಓದಿ ಹೇಳಬೇಕಾದಾಗ ಗೊತ್ತಾಗುತ್ತದೆ.

ಕೊನೆಗೆ ನಾನು ಕೊಂಡದ್ದು ಹೊಸ, 6 ಇಂಚಿನ, ಲೈಟ್ ಇರುವ, 300 ಪಿಪಿಐ ಸ್ಪಷ್ಟತೆಯ ಸಾದಾ ಇ-ರೀಡರ್. ಹತ್ತು ಸಾವಿರದ ಆಸುಪಾಸು. ಓದುವ ಕೋಣೆಯಲ್ಲಿ ಪರಿಚಯವಾದ ಒಬ್ಬರ ಬಳಿ ಅದೇ ಮಾದರಿ ಇತ್ತು. ನನ್ನ ಪರೀಕ್ಷೆಯ ಫೈಲ್ ಅದರಲ್ಲಿ ಹಾಕಿ, ಸ್ವಾತಂತ್ರ್ಯ ಸರಿಯಾಗಿ ಬಂದಿತು ಅಂತ ನೋಡಿಕೊಂಡ ಮೇಲೆಯೇ ಆರ್ಡರ್ ಮಾಡಿದೆ. ಬಣ್ಣದ ಪರದೆ, ನೀರಿಗೆ ಬಿದ್ದರೂ ಏನೂ ಆಗದ ಮೈ, ನೂರಾರು ಜಿಬಿ ಜಾಗ ಇವೆಲ್ಲ ನಮಗೆ ಬೇಡ. ಬರೀ ಬರಹ ಇರುವ ಪುಸ್ತಕ ಒಂದೆರಡು ಎಂಬಿ ಕೂಡ ಇರುವುದಿಲ್ಲ.

ನೋಟ್ಸಿನ ಕಥೆ ಏನು ಮಾಡಿದೆ? ಮುಖ್ಯವಾದ ಪುಟಗಳ ಫೋಟೊ ಹಿಡಿದು ಗೂಗಲ್ ಡ್ರೈವಿನಲ್ಲಿ ಅಕ್ಷರ ಗುರುತಿಸುವ ಸೌಲಭ್ಯದಿಂದ ಯೂನಿಕೋಡ್ ಮಾಡಿಕೊಂಡೆ. ಅದು ಕನ್ನಡವನ್ನು ಗುರುತಿಸುತ್ತದೆ, ಆದರೆ ಪ ಮತ್ತು ಷ, ಥ ಮತ್ತು ಧ ಇವುಗಳಲ್ಲಿ ಎಡವುತ್ತದೆ. ಕೂತು ತಿದ್ದಬೇಕು. ದಿನಕ್ಕೆ ಎಂಟು ಹತ್ತು ಪುಟ. ಮೊದಲ ವಾರ ಬೇಜಾರಾಯಿತು. ಆಮೇಲೆ ನೋಡಿದರೆ, ಪಂಚಾಯತ್ ರಾಜ್ ಅಧ್ಯಾಯವನ್ನು ತಿದ್ದಿ ಮುಗಿಸುವಷ್ಟರಲ್ಲಿ ಅರ್ಧ ಬಾಯಿಪಾಠ ಆಗಿತ್ತು. ನಾಲ್ಕು ಗೆಳತಿಯರು ಅಧ್ಯಾಯ ಹಂಚಿಕೊಂಡೆವು. ನಕ್ಷೆ, ಕೋಷ್ಟಕ ಇರುವ ಪುಟಗಳನ್ನು ಮಾತ್ರ ಜೆರಾಕ್ಸ್ ಅಂಗಡಿಯಲ್ಲಿ ತೆಗೆಸಿಕೊಳ್ಳುತ್ತೇನೆ. ಅದಕ್ಕೆ ಕಾಗದವೇ ಸರಿ.

ಇನ್ನು ಖುಷಿಗೆ ಓದುವ ವಿಷಯ. ಇಲ್ಲಿ ನನ್ನ ಅಭಿಪ್ರಾಯ ಕೆಲವರಿಗೆ ಹಿಡಿಸದಿರಬಹುದು. ಬರೀ ಕನ್ನಡ ಕಾದಂಬರಿ ಓದಲಿಕ್ಕೆ ಅಂತ ಇವತ್ತಿನ ದಿನ ಸಾದಾ ಇ-ರೀಡರ್ ಕೊಳ್ಳಬೇಡಿ. ಹತ್ತು ಸಾವಿರಕ್ಕೆ ನಲವತ್ತು ಪುಸ್ತಕ ಬರುತ್ತವೆ. ಓದಿದಮೇಲೆ ಅವು ಊರೆಲ್ಲ ಸುತ್ತುತ್ತವೆ. ಹೊಸ ಕನ್ನಡ ಇ-ಪುಸ್ತಕಗಳು ಸಿಗುವ ಮುಖ್ಯ ಜಾಗಗಳಲ್ಲಿ 2020ರಲ್ಲಿ ಪವಮಾನ ಅಥಣಿ ಮತ್ತು ವಸಂತ ಶೆಟ್ಟಿ ಶುರು ಮಾಡಿದ ಮೈಲ್ಯಾಂಗ್ ಒಂದು. ಅದು ಫೋನಿನ ಆ್ಯಪ್. ಆ್ಯಪ್ ಹಾಕಲಾಗದ ಸಾದಾ ಇ-ರೀಡರಿನಲ್ಲಿ ಆ ಪುಸ್ತಕಗಳು ತೆರೆಯುವುದಿಲ್ಲ. ಆಂಡ್ರಾಯ್ಡ್ ಇರುವ ಇ-ಇಂಕ್ ಉಪಕರಣಗಳಿವೆ, ಅವುಗಳಲ್ಲಿ ಆ್ಯಪ್ ಹಾಕಿಕೊಳ್ಳಬಹುದು, ಬೆಲೆ ಸಾದಾದಕ್ಕಿಂತ ಮೇಲೆ. ಕೈಯಲ್ಲಿ ದುಡ್ಡಿದ್ದು ಕನ್ನಡವನ್ನೇ ಹೆಚ್ಚು ಓದುವವರಿಗೆ ಅದು ಸರಿಯಾದ ಆಯ್ಕೆ.

ಟೆಲಿಗ್ರಾಮಿನಲ್ಲಿ ಎಲ್ಲ ಕಾದಂಬರಿಯೂ ಸಿಗುತ್ತದಲ್ಲ ಅಂತ ಕೆಲವರು ಕಣ್ಣು ಮಿಟುಕಿಸುತ್ತಾರೆ. ಸಾವಿರ ಪ್ರತಿ ಅಚ್ಚಾದರೆ ಹೆಚ್ಚು ಎನ್ನುವ ಭಾಷೆಯಲ್ಲಿ ಬರೆಯುವವರ ಜೇಬಿಗೆ ನಾವು ಕೈ ಹಾಕುವುದು ಬೇಡ. ನ್ಯಾಯವಾಗಿ ಬಿಟ್ಟಿ ಸಿಗುವುದೇ ಸಾಕಷ್ಟಿದೆ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಮೈಸೂರಿನ ನಮ್ಮ ತ್ರಿವೇಣಿ 1963ರಲ್ಲಿ ತೀರಿಕೊಂಡರು. ಅವರು ಬದುಕಿದ್ದಾಗ ಅಚ್ಚಾದ ಕಾದಂಬರಿಗಳ ಹಕ್ಕುಸ್ವಾಮ್ಯ 2023ರ ಕೊನೆಗೆ ಮುಗಿಯಿತು. ಅವುಗಳನ್ನು ಯಾರು ಬೇಕಾದರೂ ಟೈಪು ಮಾಡಿ ಒಳ್ಳೆಯ ಇಪಬ್ ಮಾಡಿ ಹಂಚಬಹುದು. ಯಾವುದಾದರೂ ಕಾಲೇಜಿನ ಕನ್ನಡ ಸಂಘ ಈ ಕೆಲಸ ಹಿಡಿದರೆ ನಾನೂ ಒಂದು ಅಧ್ಯಾಯ ತಿದ್ದಿಕೊಡುತ್ತೇನೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ‘ಭಾರತವಾಣಿ’ಯಲ್ಲಿ ಪಠ್ಯ, ನಿಘಂಟುಗಳಿವೆ. ಅವುಗಳನ್ನೂ ನೋಡಿ.

ನನಗೆ ಇ-ರೀಡರಿನಿಂದ ಆದ ದೊಡ್ಡ ಲಾಭ ಇಂಗ್ಲಿಷ್. ಪಿಯುವರೆಗೂ ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಇಂಗ್ಲಿಷ್ ಪುಸ್ತಕ ಅಂದರೆ ಹೆದರುತ್ತಿದ್ದೆ. ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಲು ಹೋದರೆ ಐದನೇ ಪದಕ್ಕೆ ಕಥೆಯೇ ಮರೆತುಹೋಗುತ್ತಿತ್ತು. ಇದರಲ್ಲಿ ಪದದ ಮೇಲೆ ಬೆರಳಿಟ್ಟರೆ ಅರ್ಥ ಅಲ್ಲೇ ಬರುತ್ತದೆ. ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಹಳೆಯ ಇಂಗ್ಲಿಷ್ ಕಥೆಗಳು ಉಚಿತ. ಹುಣಸೂರಿನಿಂದ ಮೈಸೂರಿಗೆ ಒಂದೂಕಾಲು ಗಂಟೆ, ಬರುವಾಗ ಅಷ್ಟೇ. ಶಕ್ತಿ ಯೋಜನೆ ಬಂದಮೇಲೆ ಟಿಕೆಟ್ಟಿನ ಚಿಂತೆ ಇಲ್ಲ, ಕೂರಲು ಜಾಗ ಸಿಗುವುದು ಮಾತ್ರ ಅದೃಷ್ಟ. ನಿಂತುಕೊಂಡೇ ಒಂದು ಕೈಯಲ್ಲಿ ಕಂಬಿ, ಒಂದು ಕೈಯಲ್ಲಿ ಇದು. ಹಗುರ, ಹೆಬ್ಬೆರಳಲ್ಲೇ ಪುಟ ತಿರುಗುತ್ತದೆ. ಹೀಗೆ ಈ ವರ್ಷ ಹನ್ನೊಂದು ಪುಸ್ತಕ ಓದಿದ್ದೇನೆ.

ಪಿರಿಯಾಪಟ್ಟಣದ ಇನ್ನೊಬ್ಬಳು ಗೆಳತಿ ಎಲ್ಲ ಕೇಳಿಸಿಕೊಂಡು ಬೇಡ ಅಂತ ತೀರ್ಮಾನ ಮಾಡಿದಳು. ಅವಳು ಓದುವುದೆಲ್ಲ ಸ್ಕ್ಯಾನ್ ಮಾಡಿದ ಪಿಡಿಎಫ್ ಮತ್ತು ಗಣಿತ. ಆ ದುಡ್ಡಿಗೆ ಒಂದು ಮೇಜು, ಕುರ್ಚಿ, ಚಾರ್ಜಿಂಗ್ ದೀಪ ತಗೊಂಡು, ಉಳಿದದ್ದರಲ್ಲಿ ನೋಟ್ಸು ಪ್ರಿಂಟ್ ಹಾಕಿಸಿ ಬೈಂಡ್ ಮಾಡಿಸಿದಳು. ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಈಗ ನನ್ನ ತಕರಾರಿಗೆ ಬರುತ್ತೇನೆ. ಇಷ್ಟು ಹೊತ್ತು ನಾವು ನಾವೇ ಒದ್ದಾಡಿದ ಕಥೆ ಬರೆದೆ. ಇದರಲ್ಲಿ ಮುಕ್ಕಾಲು ಪಾಲು ಒದ್ದಾಟ ಬೇಕಿರಲಿಲ್ಲ. ನೋಟ್ಸ್ ತಯಾರಿಸುವ ಅಧ್ಯಾಪಕರು, ಕೋಚಿಂಗ್‌ನವರು ಎರಡು ಕೆಲಸ ಮಾಡಿದರೆ ಸಾಕು. ಒಂದು, ಯೂನಿಕೋಡಿನಲ್ಲಿ ಟೈಪಿಸುವುದು. ಎರಡು, ವರ್ಡಿನಲ್ಲಿ ಪುಟದ ಅಳತೆಯನ್ನು ಎ4 ಬದಲು ಎ6 ಅಂತ ಆರಿಸಿ ಪಿಡಿಎಫ್ ಮಾಡುವುದು. ಎ6 ಅಂದರೆ ಹತ್ತೂವರೆ ಸೆಂ.ಮೀ. ಅಗಲ. 6 ಇಂಚಿನ ಇ-ರೀಡರಿನಲ್ಲಿ 12 ಪಾಯಿಂಟಿನ ಅಕ್ಷರ 10ರಷ್ಟು ದೊಡ್ಡದಾಗಿ ಕಾಣುತ್ತದೆ. ಇ-ರೀಡರ್ ಕೊಳ್ಳಲಾಗದ, ಬರೀ ಫೋನಿನಲ್ಲಿ ಓದುವ ಸಾವಿರಾರು ಹುಡುಗ ಹುಡುಗಿಯರಿಗೂ ಎಳೆದಾಡದೆ ಓದಲು ಬರುತ್ತದೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಇನ್ನೊಂದಕ್ಕೆ ಖರ್ಚಿದೆ, ಆದರೆ ದೊಡ್ಡದಲ್ಲ. 2020ರಲ್ಲಿ ಸಾರ್ವಜನಿಕ ಗ್ರಂಥಾಲಯ ಇಲಾಖೆ ಡಿಜಿಟಲ್ ಗ್ರಂಥಾಲಯ ತೆರೆಯಿತು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿ ಕೆಲವು ಕಡೆ ಕಂಪ್ಯೂಟರ್ ಕೂಡ ಕಂಡಿವೆ. ಸರ್ಕಾರಿ ಪದವಿ ಕಾಲೇಜುಗಳಲ್ಲಿ 2021ರಲ್ಲಿ ಟ್ಯಾಬ್ ಹಂಚಿದ್ದೂ ನೆನಪಿದೆ. ಅದೇ ದಾರಿಯಲ್ಲಿ, ತಾಲ್ಲೂಕಿನ ಪ್ರತಿ ಸರ್ಕಾರಿ ಕಾಲೇಜಿನ ಗ್ರಂಥಾಲಯ ಐದೇ ಐದು ಇ-ರೀಡರ್ ಇಟ್ಟು ಪುಸ್ತಕದ ಹಾಗೆ ಹದಿನೈದು ದಿನಕ್ಕೆ ಎರವಲು ಕೊಡಬಾರದೇಕೆ? ಬೆಲೆ ಒಂದು ಬೀರು, ನಾಲ್ಕು ಕುರ್ಚಿಯಷ್ಟು. ಹದಿನೈದು ದಿನ ಬಳಸಿ ನೋಡಿದ ವಿದ್ಯಾರ್ಥಿಗೆ ತನಗೆ ಬೇಕೋ ಬೇಡವೋ ತಾನೇ ಗೊತ್ತಾಗುತ್ತದೆ. ಕೋಟೆಯ ನನ್ನ ಗೆಳತಿ ಆಗ ಅಣ್ಣನ ದುಡ್ಡನ್ನು ಕಳೆದುಕೊಳ್ಳುತ್ತಿರಲಿಲ್ಲ. ಕಳೆದುಹೋದರೆ, ಒಡೆದರೆ ಅನ್ನುವ ಭಯ ಇರುತ್ತದೆ ನಿಜ. ಪುಸ್ತಕಕ್ಕೂ ಆ ಭಯ ಇದ್ದೇ ಇದೆ, ಅದಕ್ಕಂತ ಗ್ರಂಥಾಲಯ ಮುಚ್ಚಿಲ್ಲವಲ್ಲ. ನಾನು ಓದಿದ ಕಾಲೇಜಿಗೆ ಇದನ್ನೇ ಬರೆದು ಪತ್ರ ಕೊಟ್ಟಿದ್ದೇನೆ. ನೋಡೋಣ ಅಂದಿದ್ದಾರೆ.

ಮೊನ್ನೆ ರಾತ್ರಿ ಬ್ಯಾರನ್ ಹತ್ತಿರ ಅಪ್ಪ ಕೇಳಿದರು, ‘ಅದ್ರಲ್ಲಿ ಕನ್ನಡ ಬತ್ತದೇನವ್ವ?’ ಬರುತ್ತದೆ ಅಂದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು ಅವರು. ನಾವು ತಿದ್ದಿದ ಪಂಚಾಯತ್ ರಾಜ್ ಅಧ್ಯಾಯ ತೆರೆದು, ಅಕ್ಷರ ದೊಡ್ಡದು ಮಾಡಿ ಕೊಟ್ಟೆ. ಕನ್ನಡಕ ಇಲ್ಲದೆ, ತುಟಿ ಅಲ್ಲಾಡಿಸುತ್ತಾ ಗ್ರಾಮಸಭೆಯ ಬಗ್ಗೆ ಎರಡು ಪುಟ ಓದಿದರು. ‘ವರ್ಸಕ್ಕೆ ಎರಡು ಸಲ ಸಭೆ ಕರೀಬೇಕಂತೆ. ನಮ್ಮೂರಲ್ಲಿ ಯಾವಾಗ ಕರೆದವ್ರೆ?’ ಅಂದರು. ನಾನು ಉತ್ತರ ಹುಡುಕುವಷ್ಟರಲ್ಲಿ ಉರಿ ತಗ್ಗಿತ್ತು, ಎದ್ದು ಸೌದೆ ಹಾಕಲು ಹೋದರು.

ಪರೀಕ್ಷೆಯ ಫೈಲ್ ನನ್ನ ಫೋನಿನಲ್ಲಿದೆ. ಹಳೆಯ ಇ-ರೀಡರ್ ಕೊಳ್ಳಲು ಹೊರಟವರು ಬೆಳಗಿನ ಮೈಸೂರು ಬಸ್ಸಿನಲ್ಲಿ ಸಿಕ್ಕರೆ ಕೇಳಿ, ಕಳಿಸುತ್ತೇನೆ.